ನೈಋತ್ಯ ಮೂಲೆಯ ಹಲ್ಲಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಒಂದು ಹಲ್ಲಿಯನ್ನು ಯಾವ ಮೂಲೆಯಲ್ಲಿ ಇಡಬೇಕು ಎಂದು ಯಾರನ್ನೂ ಕೇಳದೆ, ಕದ್ದು ಇಟ್ಟವನು ನಾನೇ. ಬೇರೆಯವರು ತಪ್ಪು ಮಾಡಿದರೆ ಅದಕ್ಕೊಂದು ಗಾತ್ರವಾದರೂ ಇರುತ್ತದೆ. ಗಾಡಿ ಗುದ್ದಿಸುತ್ತಾರೆ, ಪರೀಕ್ಷೆ ಮುಗಿದ ಮಾರನೆಯ ದಿನ ಹಾಲ್ ಟಿಕೆಟ್ ಹಿಡಿದುಕೊಂಡು ಹೋಗುತ್ತಾರೆ, ಮದುವೆಗೆಂದು ಹೊರಟು ಪಕ್ಕದ ಛತ್ರದಲ್ಲಿ ಉಂಡು ಗೊತ್ತಿಲ್ಲದ ಮದುಮಗನ ಕೈಕುಲುಕಿ ಬರುತ್ತಾರೆ. ಈ ಮೂರನ್ನೂ ನಾನು ಮಾಡಿದ್ದೇನೆ. ಆ ಛತ್ರದ ಊಟ ಚೆನ್ನಾಗಿಯೇ ಇತ್ತು. ಆದರೆ ಈಗ ಹೇಳಹೊರಟಿರುವ ತಪ್ಪಿನ ಉದ್ದ ಬರೀ ಒಂದು ಸೆಕೆಂಡು. ಅಷ್ಟರಲ್ಲೇ ಒಂದು ಸಿನಿಮಾ ಡಬ್ಬ ಸೇರುವುದರಲ್ಲಿತ್ತು, ಬ್ಯಾಡರಹಳ್ಳಿಯ ದೊಡ್ಡ ಮನುಷ್ಯರೊಬ್ಬರು ಮೂರು ದಿನ ನೆಟ್ಟಗೆ ಮುದ್ದೆ ನುಂಗಲಿಲ್ಲ, ನನಗೆ ಹಾಡಹಗಲಲ್ಲಿ ರೂಮಿನಲ್ಲಿ ಒಬ್ಬನೇ ಕೂರಲಾಗದೆ ಓಡಿಬರುವಂತಾಯಿತು.

ನನ್ನ ಕೆಲಸ ಏನೆಂದು ಹೇಳಿದರೆ ನೆಂಟರು ಇನ್ನೊಂದು ಸಲ ಕೇಳುತ್ತಾರೆ. ಸಿನಿಮಾ ಟ್ರೈಲರುಗಳಿಗೆ ಸದ್ದು ಕೂರಿಸುವುದು. ಹಾಡಲ್ಲ, ಮಾತಲ್ಲ, ಮಿಕ್ಕಿದ್ದೆಲ್ಲ. ಬಾಗಿಲು ಕಿರುಗುಟ್ಟುವುದು, ಯಾರೋ ಉಸಿರು ಬಿಡುವುದು, ಯಾರೂ ಇಲ್ಲದ ಮಹಡಿಯ ಮೇಲೆ ಯಾರೋ ನಡೆಯುವುದು. ಅದರಲ್ಲೂ ಹೆದರಿಸುವ ಪಿಚ್ಚರ್ ಇದ್ದರೆ ನನ್ನನ್ನು ಕರೆಯುತ್ತಾರೆ. ಅಮ್ಮನಿಗೆ ಇದು ಇನ್ನೂ ಜೀರ್ಣವಾಗಿಲ್ಲ. "ಹೆದರ್ಸೋದಕ್ಕೂ ಓದ್ಬೇಕೇನೋ? ನಾನು ಸೌಟು ಕೈಗೆ ತಗೊಂಡ್ರೆ ನೀನು ಹೆದರ್ತಿರ್ಲಿಲ್ವಾ?" ಎನ್ನುತ್ತಾಳೆ. ಆಕೆಗೆ ಗೊತ್ತಿಲ್ಲ, ನನ್ನ ವಿದ್ಯೆಯೆಲ್ಲ ಬಸವೇಶ್ವರನಗರದ ನಮ್ಮ ಅಡುಗೆಮನೆಯಲ್ಲೇ ಕಲಿತದ್ದು. ಕುಕ್ಕರ್ ಕೂಗುವುದಕ್ಕೆ ಮುಂಚೆ ಒಂದು ಬುಸುಬುಸು ಶುರುವಾಗುತ್ತದಲ್ಲ, ಅದು ಏರುತ್ತಾ ಏರುತ್ತಾ ಬಂದು, ಮೇಲಿನ ತೂಕ ಒಂದು ಕ್ಷಣ ಅಲುಗಾಡಿ, ಈಗ ಕೂಗಿತು ಎನ್ನುವಾಗ ನಮ್ಮ ಭುಜ ತಾನಾಗಿಯೇ ಕಿವಿಯ ಹತ್ತಿರಕ್ಕೆ ಹೋಗಿರುತ್ತದೆ. ಕೂಗಿದ ಮೇಲೆ ಭಯವಿಲ್ಲ, ಬೇಳೆ ಬೆಂದಿದೆ ಅಷ್ಟೇ. ನಾನು ಆ ಬುಸುಬುಸುವನ್ನು ಹಿಡಿದು, ನಿಧಾನ ಮಾಡಿ, ಕತ್ತಲೆ ಓಣಿಯ ದೃಶ್ಯದ ಕೆಳಗೆ ಹಾಸಿ, ಕೂಗುವುದಕ್ಕೆ ಒಂದು ಚೂರು ಮುಂಚೆ ಕತ್ತರಿಸಿಬಿಡುತ್ತೇನೆ. ಕೂಗು ಬರುವುದೇ ಇಲ್ಲ. ನೋಡುವವರು ಭುಜ ಏರಿಸಿಕೊಂಡು ಹಾಗೇ ಕೂತಿರುತ್ತಾರೆ. ಟ್ರೈಲರ್ ಮುಗಿದ ಮೇಲೂ ಕೆಲವರು ಇಳಿಸಿರುವುದಿಲ್ಲ. ಹೆದರಿಕೆ ಇರುವುದು ಸದ್ದಿನಲ್ಲಲ್ಲ, ಸದ್ದಿಗೆ ಕಾಯುವುದರಲ್ಲಿ. ಇಷ್ಟೇ ನನ್ನ ಕಸುಬು.

ಇಂಥ ಕಸುಬಿನವನು ಧೈರ್ಯವಂತ ಇರಬೇಕು ಅಂದುಕೊಂಡರೆ ಅದು ನಿಮ್ಮ ದೊಡ್ಡತನ. ನಾನು ಶುದ್ಧ ಪುಕ್ಕಲ. ಹೆಡ್‌ಫೋನ್ ಹಾಕಿಕೊಂಡು ನಾನೇ ಮಾಡಿದ ಉಸಿರಾಟದ ಸದ್ದು ನನ್ನ ಬೆನ್ನ ಹಿಂದೆ ಕೇಳಿದರೆ ತಿರುಗಿ ನೋಡುತ್ತೇನೆ. ತಿರುಗಿ ತಿರುಗಿ ಕುತ್ತಿಗೆ ಹಿಡಿದುಕೊಂಡಾಗ, ಬುದ್ಧಿವಂತಿಕೆ ಮಾಡಿ ಮಾನಿಟರಿನ ಪಕ್ಕ ಒಂದು ಕನ್ನಡಿ ಇಟ್ಟುಕೊಂಡೆ, ಹಿಂದೆ ಯಾರಾದರೂ ಬಂದರೆ ಕಾಣಲಿ ಎಂದು. ಅದೇ ದಿನ ಮಧ್ಯಾಹ್ನ ಕನ್ನಡಿಯಲ್ಲಿ ಒಂದು ಬಿಳಿಚಿದ ಮುಖ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ನಾನು ಕಿರುಚಿದ ರಭಸಕ್ಕೆ ಕೆಳಗಿನ ಗಾರ್ಮೆಂಟ್ಸಿನ ಅಕ್ಕಂದಿರು ಕತ್ತರಿ ಸಮೇತ ಮೇಲೆ ಓಡಿ ಬಂದರು. ಮುಖ ನನ್ನದೇ. ಕನ್ನಡಿಯನ್ನು ಅವರಿಗೇ ಕೊಟ್ಟುಬಿಟ್ಟೆ.

ನನ್ನ ಸ್ಟುಡಿಯೋ ಇರುವುದು ಕಾಮಾಕ್ಷಿಪಾಳ್ಯದಲ್ಲಿ, ಈ ಗಾರ್ಮೆಂಟ್ಸಿನ ಮಹಡಿಯ ಮೇಲೆ. ಬೆಳಗಿನಿಂದ ಸಂಜೆವರೆಗೆ ಕೆಳಗೆ ಹೊಲಿಗೆ ಮಷೀನುಗಳು ಓಡುತ್ತವೆ, ನನ್ನ ನೆಲ ಜ್ವರ ಬಂದವರ ಹಲ್ಲಿನಂತೆ ಕಟಕಟ ಎನ್ನುತ್ತದೆ. ನಿಶ್ಶಬ್ದ ಸಿಗುವುದು ಮಧ್ಯಾಹ್ನ ಒಂದರಿಂದ ಒಂದೂವರೆ, ಅವರ ಊಟದ ಹೊತ್ತಿನಲ್ಲಿ ಮಾತ್ರ. ರೆಕಾರ್ಡಿಂಗ್ ಏನಿದ್ದರೂ ಆ ಅರ್ಧ ಗಂಟೆಯಲ್ಲಿ, ಫ್ಯಾನ್ ಆರಿಸಿ, ಬೆವರು ಸುರಿಸಿಕೊಂಡು. ಊರೆಲ್ಲ ಉಣ್ಣುವಾಗ ನಾನು ದೆವ್ವವಾಗಿರುತ್ತೇನೆ.

ಈಗ ಸಿನಿಮಾಕ್ಕೆ ಬರುತ್ತೇನೆ. ಡೈರೆಕ್ಟರ್ ಲೋಕಿ ನನ್ನ ಸ್ಕೂಲ್ ಗೆಳೆಯ. ಇದು ಅವನ ಮೊದಲ ಸಿನಿಮಾ. ಇದಕ್ಕಾಗಿ ಮೂರು ವರ್ಷ ಬೇರೆ ಯಾವ ಕೆಲಸವನ್ನೂ ಮಾಡದೆ ತಿರುಗಿದ್ದ. ಇದು ಬಿಡುಗಡೆಯಾಗದಿದ್ದರೆ ಮಾವನ ಟೈಲ್ಸ್ ಅಂಗಡಿಯಲ್ಲಿ ಕೂರುತ್ತೇನೆ ಎಂದು ಮಾತು ಕೊಟ್ಟೇ ಹೆಂಡತಿಯನ್ನು ಒಪ್ಪಿಸಿದ್ದ. ನಿರ್ಮಾಪಕರು ಬ್ಯಾಡರಹಳ್ಳಿಯ ಬೈಲಪ್ಪನವರು. ಮಾಗಡಿ ರಸ್ತೆಯ ಆ ಕಡೆಯೆಲ್ಲ ರಾಗಿ ಹೊಲ ಇದ್ದ ಕಾಲದಿಂದ ಅಲ್ಲೇ ಇದ್ದವರು. ಉಳಿದಿದ್ದ ಒಂದು ಹೊಲವನ್ನು ಈ ಸಿನಿಮಾಕ್ಕೆಂದು ಮಾರಿದ್ದರು. ಹರೆಯದಲ್ಲಿ ಊರ ನಾಟಕದಲ್ಲಿ ದುರ್ಯೋಧನನ ಪಾರ್ಟು ಮಾಡಿದವರು, ಇವತ್ತಿಗೂ ಕುರ್ಚಿಯಿಂದ ಏಳುವಾಗ ತೊಡೆ ತಟ್ಟಿಯೇ ಏಳುತ್ತಾರೆ. ಅವರು ಹಾಕಿದ್ದು ಒಂದೇ ಷರತ್ತು: "ನನ್ ಪಾರ್ಟು ಬ್ಯಾಡ, ವಯಸ್ಸಾಯ್ತು. ಹೆಸ್ರು ಮಾತ್ರ ಪರದೆ ತುಂಬ ದಪ್ಪಕ್ಕೆ ಬರ್ಲಿ."

ಟ್ರೈಲರಿನ ಕೊನೆಯಲ್ಲಿ ಒಂದು ಮುಚ್ಚಿದ ಮನೆ. ಒಬ್ಬ ಮುದುಕಿ ಕ್ಯಾಮೆರಾ ಕಡೆ ಬಗ್ಗಿ ಪಿಸುಗುಟ್ಟುತ್ತಾಳೆ: "ಅವನು ಹೋಗಿಲ್ಲ. ಇಲ್ಲೇ ಇದಾನೆ." ಆಮೇಲೆ ಪರದೆ ಕಪ್ಪು.

"ಇಲ್ಲಿ ದಢಾರ್ ಅಂತ ಒಂದು ಹೊಡಿ ಮಗಾ," ಎಂದ ಲೋಕಿ.

"ದಢಾರ್ ಎಲ್ಲಾ ಟ್ರೈಲರಲ್ಲೂ ಇದೆ ಗುರು. ಜನ ಅದಕ್ಕೆ ರೆಡಿಯಾಗೇ ಕೂತಿರ್ತಾರೆ. ಇಲ್ಲಿ ಒಂದು ಹಲ್ಲಿ ಲೊಚಗುಟ್ಟಿಸ್ತೀನಿ ನೋಡು."

"ಹಲ್ಲಿನಾ? ದೆವ್ವದ ಪಿಚ್ಚರ್ ಕಣೋ ಇದು, ಸುಣ್ಣಬಣ್ಣದ ಜಾಹೀರಾತಲ್ಲ."

ನನ್ನ ವಾದ ಸರಳವಾಗಿತ್ತು. ನಮ್ಮ ಮನೆಗಳಲ್ಲಿ ಯಾರಾದರೂ ಏನಾದರೂ ಹೇಳಿದ ಕೂಡಲೇ ಹಲ್ಲಿ ಲೊಚಗುಟ್ಟಿದರೆ ಏನಾಗುತ್ತದೆ? ಇದ್ದವರೆಲ್ಲ ನೆಲಕ್ಕೆ ಬೆರಳು ಬಡಿದು "ಕೃಷ್ಣ ಕೃಷ್ಣ" ಎನ್ನುತ್ತಾರೆ. ಹೇಳಿದ ಮಾತು ಸತ್ಯ ಎಂದು ಗೋಡೆಯೇ ರುಜು ಹಾಕಿದ ಹಾಗೆ. ನಾನು ಚಿಕ್ಕವನಿದ್ದಾಗ ನಮ್ಮ ಅತ್ತೆ "ಈ ಹುಡುಗ ಉದ್ಧಾರ ಆಗಲ್ಲ" ಎಂದಾಗ ಲೊಚಗುಟ್ಟಿದ ಹಲ್ಲಿಯನ್ನು ನಾನಿನ್ನೂ ಕ್ಷಮಿಸಿಲ್ಲ. ಹಾಗಿರುವಾಗ "ಇಲ್ಲೇ ಇದಾನೆ" ಎಂದು ಮುದುಕಿ ಹೇಳಿ, ಕತ್ತಲಾಗಿ, ಎರಡು ಸೆಕೆಂಡು ಏನೂ ಇಲ್ಲದೆ, ನೋಡುವವರ ಬೆನ್ನ ಹಿಂದೆ ಹಲ್ಲಿ ಲೊಚ್ ಲೊಚ್ ಲೊಚ್ ಎಂದರೆ? ನನಗಂತೂ ಹೇಳುವಾಗಲೇ ತೋಳಿನ ರೋಮ ಎದ್ದುನಿಂತಿತ್ತು. ಲೋಕಿ ತೋಳನ್ನು ನೋಡಲೂ ಇಲ್ಲ. "ಬೇಡ ಅಂದ್ರೆ ಬೇಡ. ದಢಾರ್ ಇಡು," ಎಂದು ಎದ್ದುಹೋದ.

ನಾನು ತಲೆಯಾಡಿಸಿದೆ. ಆಮೇಲೆ ಹಲ್ಲಿ ಹುಡುಕಿದೆ.

ಟ್ಯೂಬ್‌ಲೈಟಿನ ಹಿಂದೆ ಒಂದು ಹಲ್ಲಿ ನಮ್ಮಲ್ಲಿ ಬಾಡಿಗೆಯಿಲ್ಲದೆ ವಾಸವಾಗಿತ್ತು. ಮೂರು ದಿನ ಊಟದ ಹೊತ್ತಿನಲ್ಲಿ ಕುರ್ಚಿ ಹತ್ತಿ ಅದಕ್ಕೆ ಮೈಕ್ ಹಿಡಿದು ನಿಂತೆ. ಬಾಯಿ ಬಿಡಲಿಲ್ಲ. ಯಾರಾದರೂ ಮಾತಾಡಿದರೆ ತಾನೇ ಅದು ಲೊಚಗುಟ್ಟುವುದು ಎಂದು ನಾನೇ ಮಾತಾಡಲು ಶುರು ಮಾಡಿದೆ. "ಲೋಕಿ ದೊಡ್ಡ ಡೈರೆಕ್ಟರ್ ಆಗ್ತಾನೆ," ಎಂದೆ. ಸುಮ್ಮನಿತ್ತು. "ನನಗೆ ಈ ವರ್ಷ ಪ್ರಶಸ್ತಿ ಬರುತ್ತೆ," ಎಂದೆ. ಸುಮ್ಮನಿತ್ತು. "ನನಗೆ ಒಳ್ಳೆ ಹುಡುಗಿ ಸಿಗ್ತಾಳೆ," ಎಂದೆ. ಹಲ್ಲಿ ಬಾಲ ಎಳೆದುಕೊಂಡು ಒಳಕ್ಕೆ ಹೋಯಿತು. ಪ್ರಾಮಾಣಿಕ ಪ್ರಾಣಿ. ಕೊನೆಗೆ ನಾನೇ ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ ಕಿತ್ತು, ಲೊಚ್ ಲೊಚ್ ಲೊಚ್ ಎಂದೆ. ಹತ್ತಾರು ಸಲ ಮಾಡಿ, ಚೆನ್ನಾಗಿದ್ದದ್ದನ್ನು ಆರಿಸಿ, ಕೊಂಚ ಸಣ್ಣಗೆ ಮಾಡಿದೆ. ಕಣ್ಣು ಮುಚ್ಚಿ ಕೇಳಿದರೆ ಗೋಡೆ ಬಿಟ್ಟು ಬೇರೇನೂ ಕಣ್ಮುಂದೆ ಬರುತ್ತಿರಲಿಲ್ಲ. ಅದನ್ನು ಹಿಂದಿನ ಎಡ ಸ್ಪೀಕರಿಗೆ ಕೂರಿಸಿ, ದಢಾರ್ ಕಿತ್ತುಹಾಕಿದೆ. ಅದು ಯಾವ ದಿಕ್ಕು ಎಂದು ಯೋಚಿಸಲೇ ಇಲ್ಲ. ನಮ್ಮ ಕಸುಬಿನಲ್ಲಿ ಇರುವ ದಿಕ್ಕು ನಾಲ್ಕೇ: ಮುಂದೆ, ಹಿಂದೆ, ಎಡ, ಬಲ. ಸೂರ್ಯ ಎಲ್ಲಿ ಹುಟ್ಟಿದರೂ ನಮಗೆ ಒಂದೇ.

ಶುಕ್ರವಾರ ಬೆಳಿಗ್ಗೆ ಬೈಲಪ್ಪನವರ ಮನೆಯಲ್ಲಿ ಟ್ರೈಲರ್ ತೋರಿಸುವುದಿತ್ತು. ಅವರು ಒಪ್ಪಿದರೆ ಮುಂದಿನ ವಾರ ಅದರ ಬಿಡುಗಡೆ. ಅವರ ಹಾಲಿನಲ್ಲಿ ದೊಡ್ಡ ಪರದೆ, ಸುತ್ತ ಐದು ಸ್ಪೀಕರು, ಎಲ್ಲವನ್ನೂ ವಾಸ್ತು ನೋಡುವವರು ಹೇಳಿದ ಹಾಗೆ ಕೂರಿಸಿದ್ದರು. ಪರದೆ ಉತ್ತರದ ಗೋಡೆಗೆ. ಎದುರಿಗೆ ಸೋಫಾದಲ್ಲಿ ಬೈಲಪ್ಪನವರು, ಪಕ್ಕದಲ್ಲಿ ಚಾಪೆಯ ಮೇಲೆ ಕಾಲು ಚಾಚಿಕೊಂಡು ಅವರ ತಾಯಿ ಕೆಂಪಮ್ಮಜ್ಜಿ. ಅಜ್ಜಿಗೆ ಕಣ್ಣಿಗೆ ಪೊರೆ ಬಂದು ಬೆಳಕು ಬಿಟ್ಟು ಬೇರೇನೂ ಕಾಣುವುದಿಲ್ಲ. ಲೋಕಿ ಎದ್ದು ಪೆನ್‌ಡ್ರೈವ್ ಸಿಕ್ಕಿಸಿದ. ಸಿಕ್ಕಿಸುವಾಗ ನನ್ನ ಕಿವಿಯಲ್ಲಿ, "ಕೊನೇಲಿ ಕಪ್ಪು ಪರದೆ ಖಾಲಿ ಇತ್ತಲ್ಲ, ರಾತ್ರಿ ಅಲ್ಲಿ ಬೈಲಪ್ಪನವರ ಹೆಸರು ಕೂರ್ಸಿದೀನಿ ಮಗಾ, ಪರದೆ ತುಂಬ," ಎಂದ. ಒಳ್ಳೇದಾಯ್ತು ಎಂದೆ. ನನ್ನ ತಲೆಯಲ್ಲಿ ಹಲ್ಲಿ ಬಿಟ್ಟು ಬೇರೇನೂ ಇರಲಿಲ್ಲ.

ಕುಕ್ಕರ್ ಬುಸುಗುಟ್ಟಿತು, ಓಣಿ ಕತ್ತಲಾಯಿತು, ಬೈಲಪ್ಪನವರ ಭುಜ ಏರಿತು. ಮುದುಕಿ ಬಗ್ಗಿದಳು. "ಅವನು ಹೋಗಿಲ್ಲ. ಇಲ್ಲೇ ಇದಾನೆ." ಕಪ್ಪು. ಒಂದು. ಎರಡು. ಬೈಲಪ್ಪ ಎಂಬ ಹೆಸರು ಪರದೆಯ ಮೇಲೆ ದಪ್ಪಗೆ ಮೂಡಿತು, ಅದೇ ಹೊತ್ತಿಗೆ ನಮ್ಮ ಬೆನ್ನ ಹಿಂದೆ ಎಡಕ್ಕೆ, ಬೀರುವಿನ ಹಿಂದಿನ ಮೂಲೆಯಿಂದ ಲೊಚ್ ಲೊಚ್ ಲೊಚ್.

"ಕೃಷ್ಣ ಕೃಷ್ಣ," ಎಂದರು ಬೈಲಪ್ಪನವರು, ಸೋಫಾದ ಕೈಗೆ ಬೆರಳು ಬಡಿದು. "ಕೃಷ್ಣ ಕೃಷ್ಣ," ಎಂದಳು ಅಜ್ಜಿ, ನೆಲಕ್ಕೆ ಬಡಿದು. "ಕೃಷ್ಣ ಕೃಷ್ಣ," ಎಂದ ಲೋಕಿ, ದಢಾರ್ ಬೇಕೆಂದವನು, ತನ್ನ ತೊಡೆಗೇ ಬಡಿದುಕೊಂಡು. ಯಾರೂ ಸ್ಪೀಕರಿನ ಕಡೆ ನೋಡಲಿಲ್ಲ, ಎಲ್ಲರೂ ಗೋಡೆ ನೋಡಿದರು. ನನ್ನ ಜೀವನದಲ್ಲಿ ಅಷ್ಟು ಸುಖದ ಕ್ಷಣ ಇನ್ನೊಂದಿಲ್ಲ. ನನ್ನ ನಾಲಿಗೆಯನ್ನು ಮೂರು ಜನ ಹಲ್ಲಿ ಎಂದು ನಂಬಿದ್ದರು. ಒಂದು ನಿಮಿಷ ಹೆಮ್ಮೆಪಟ್ಟು ಆಮೇಲೆ ಹೇಳೋಣ ಎಂದುಕೊಂಡೆ. ಆ ಒಂದು ನಿಮಿಷದಲ್ಲೇ ಕೆಟ್ಟೆ.

ಬೈಲಪ್ಪನವರು ತೊಡೆ ತಟ್ಟದೆ ಎದ್ದರು. ಗೋಡೆಯ ಕ್ಯಾಲೆಂಡರ್ ಇಳಿಸಿ, ಹಿಂದೆ ತಿರುಗಿಸಿ, ಹಲ್ಲಿ ಶಕುನದ ಪಟ್ಟಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. "ಶುಕ್ರವಾರ. ನೈಋತ್ಯ. ಯಜಮಾನನಿಗೆ ಭಯ, ಹಿಡಿದ ಕೆಲಸ ಹಾನಿ." ಅವರ ಮುಖದಲ್ಲಿ ರಕ್ತವಿರಲಿಲ್ಲ. "ಸರ್ಯಾಗಿ ನನ್ ಹೆಸ್ರು ಬಂದಾಗ್ಲೇ ನುಡೀತು ನೋಡವ್ವಾ. ಹೊಲ ಮಾರ್ಬ್ಯಾಡ ಅಂದಿದ್ದೆ ನೀನು."

ಅಜ್ಜಿ ಮೂಲೆಯ ಕಡೆಗೆ ಕಿವಿ ಕೊಟ್ಟು ಕೂತಿದ್ದಳು.

"ಸಾರ್, ಇನ್ನೊಂದ್ಸಲ ನೋಡ್ಬಿಡಿ," ಎಂದ ಲೋಕಿ.

"ಬ್ಯಾಡ. ತಗಿ ಅದನ್ನ. ಟ್ರೈಲ್ರೂ ಬ್ಯಾಡ, ಪಿಚ್ಚರೂ ಬ್ಯಾಡ. ಹೋದ್ರೆ ಹೊಲ ಹೋಯ್ತು, ಜೀವ ಯಾಕ್ ಕಳ್ಕಳ್ಲಿ," ಎಂದು ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ದುರ್ಯೋಧನ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಗೇಟಿನ ಹತ್ತಿರ ಲೋಕಿ ಕಾಂಪೌಂಡಿಗೆ ಒರಗಿ ನಿಂತಿದ್ದ. "ಮೂರ್ ವರ್ಷ ಮಗಾ. ಒಂದು ಹಲ್ಲಿ. ಅದು ನನ್ ಕೈಗೆ ಸಿಕ್ರೆ ಬಾಲ ಹಿಡಿದು ಗೋಡೆಗೆ ಬಡೀತೀನಿ," ಎಂದ. ನಾನು ಬಾಯಿ ಮುಚ್ಚಿದೆ. ಅವನು ತಲೆ ಎತ್ತಿ, "ಅಲ್ಲಾ, ದಢಾರ್ ಎಲ್ಲೋ?" ಎಂದ.

"ಹಲ್ಲಿ ಸದ್ದಲ್ಲಿ ನಿನಗೆ ಕೇಳಿಸ್ಲಿಲ್ಲ ಅನ್ಸುತ್ತೆ," ಎಂದೆ. ಇಷ್ಟು ಹೀನ ಸುಳ್ಳನ್ನು ನಾನು ಹೇಳಿದ್ದೇ ಅಲ್ಲದೆ, ಆ ಸ್ಥಿತಿಯಲ್ಲಿ ಅವನು ನಂಬಿಯೂ ಬಿಟ್ಟ.

ಮನೆಗೆ ಬಂದು ಅಮ್ಮನ ಹತ್ತಿರ ಎಲ್ಲ ಹೇಳಿಕೊಂಡೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಗ್ಗರಣೆಯನ್ನು ಒಲೆಯ ಮೇಲೇ ಬಿಟ್ಟು, "ಯಾವ ಮೂಲೆ?" ಎಂದಳು.

"ನೈಋತ್ಯ."

ಕೈ ಒರೆಸಿಕೊಂಡು ನೇರ ಕ್ಯಾಲೆಂಡರಿನ ಹತ್ತಿರ ಹೋದಳು.

"ಅಮ್ಮಾ, ಅದು ಹಲ್ಲಿ ಅಲ್ಲ. ನಾನು."

"ನೀನಾದ್ರೇನು? ಶುಕ್ರವಾರ ತಾನೇ, ನೈಋತ್ಯ ತಾನೇ?" ಎಂದು ಓದಿ, ಕ್ಯಾಲೆಂಡರ್ ಮತ್ತೆ ನೇತುಹಾಕಿ, "ಅಯ್ಯೋ ಪಾಪ ಬೈಲಪ್ಪ," ಎಂದಳು. ಒಗ್ಗರಣೆ ಸೀದುಹೋಗಿತ್ತು.

ಅಲ್ಲಿಂದ ನನ್ನ ಭಯ ಶುರುವಾಯಿತು. ಅದುವರೆಗೆ ಇದ್ದದ್ದು ಸಿಕ್ಕಿಬೀಳುವ ಭಯ; ಅದು ಅಭ್ಯಾಸವಿದೆ. ಇದು ಬೇರೆ. ಶನಿವಾರ ಮಧ್ಯಾಹ್ನ ಒಂದಕ್ಕೆ ಕೆಳಗೆ ಮಷೀನುಗಳು ನಿಂತವು. ನಾನಿನ್ನೂ ಫ್ಯಾನ್ ಆರಿಸಿರಲಿಲ್ಲ, ಅಷ್ಟರಲ್ಲಿ ಕರೆಂಟೇ ಹೋಯಿತು. ಬಿಸಿಲಿದ್ದರೂ ಕಿಟಕಿಗೆ ಸದ್ದು ತಡೆಯಲು ಕಂಬಳಿ ಹೊದಿಸಿದ್ದರಿಂದ ರೂಮು ಕಪ್ಪಗಿತ್ತು. ಬೈಲಪ್ಪನವರಿಗೆ ನಿಜವಾಗಿಯೂ ಏನಾದರೂ ಆದರೆ? ಮನುಷ್ಯ ಭಯಕ್ಕೇ ಮಲಗಿಬಿಡುವುದಿಲ್ಲವೇ? ಆಗ ಕೊಂದದ್ದು ಹಲ್ಲಿಯೋ, ಕ್ಯಾಲೆಂಡರೋ, ನಾನೋ? ಎದೆಯ ಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಇಂಥ ಬಡಿತವನ್ನು ಎಷ್ಟು ಟ್ರೈಲರುಗಳಿಗೆ ಹಾಸಿದ್ದೇನೆ. ಒಳಗಿನಿಂದ ಕೇಳಿದ್ದು ಅದೇ ಮೊದಲು. ಸಮಾಧಾನಕ್ಕೆಂದು ಜೋರಾಗಿ, "ಯಾರಿಗೂ ಗೊತ್ತಾಗಲ್ಲ, ಬಿಡು," ಎಂದೆ. ಟ್ಯೂಬ್‌ಲೈಟಿನ ಹಿಂದೆ ಏನೋ ಮೆಲ್ಲಗೆ ಸರಿಯಿತು. ನಾನು ಉಸಿರು ಹಿಡಿದು ಕಾದೆ. ಮೂರು ದಿನ ಮೈಕ್ ಹಿಡಿದು ಬೇಡಿಕೊಂಡವನು ಈಗ ಲೊಚಗುಟ್ಟಬೇಡವೋ ಎಂದು ಕೈಮುಗಿದು ಕೂತಿದ್ದೆ. ಅದು ಲೊಚಗುಟ್ಟಲಿಲ್ಲ. ಅಂದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಸತ್ಯವಲ್ಲ. ಲೊಚಗುಟ್ಟದ ಹಲ್ಲಿಗೆ ಹೆದರಿ ಮೆಟ್ಟಿಲಿಳಿದು ಓಡಿದವನು ಕಾಮಾಕ್ಷಿಪಾಳ್ಯದಲ್ಲಿ ನಾನೊಬ್ಬನೇ ಇರಬೇಕು. ಕೆಳಗೆ ಅಕ್ಕಂದಿರು ಅನ್ನ ಕಲಸುತ್ತಾ, "ಇವತ್ತು ಕನ್ನಡಿನೂ ಇಲ್ವಲ್ಲಪ್ಪ," ಎಂದರು.

ಮರ್ಯಾದಸ್ಥರು ಇಂಥ ಹೊತ್ತಿನಲ್ಲಿ ಹೋಗಿ ಕಾಲಿಗೆ ಬಿದ್ದು ನಿಜ ಹೇಳುತ್ತಾರೆ. ನಾನು ಕ್ಯಾಲೆಂಡರ್ ತೆಗೆದೆ. ಸೋಮವಾರದ ಸಾಲಿನಲ್ಲಿ ಬೆರಳು ಓಡಿಸಿದೆ. ಈಶಾನ್ಯ: ಕಾರ್ಯಸಿದ್ಧಿ, ಬಂಧುಗಳಿಂದ ಸಂತೋಷ. ಉತ್ತರಕ್ಕೆ ಮುಖ ಮಾಡಿ ಕೂತವರಿಗೆ ಈಶಾನ್ಯ ಎಂದರೆ ಮುಂದಿನ ಬಲ ಸ್ಪೀಕರು. ಹಲ್ಲಿಯನ್ನು ಹಿಂದಿನ ಎಡದಿಂದ ಎತ್ತಿ ಮುಂದಿನ ಬಲಕ್ಕೆ ಹಾಕುವುದು ಒಂದು ಬೆರಳಿನ ಕೆಲಸ. ಊರಿನ ಜೋಯಿಸರು ಜಪ, ಹೋಮ, ದಾನ ಎಂದು ದಿನಗಟ್ಟಲೆ ಮಾಡಿಸುವುದನ್ನು ನಾನು ಒಂದು ಗುಂಡಿ ತಿರುಗಿಸಿ ಮುಗಿಸಿದ್ದೆ. ಬುದ್ಧಿವಂತ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ತಟ್ಟಿದ ಸದ್ದಿಗೆ ಬೆಚ್ಚಿದೆ.

ಸೋಮವಾರ ಲೋಕಿಯನ್ನು ಎಳೆದುಕೊಂಡು ಬ್ಯಾಡರಹಳ್ಳಿಗೆ ಹೋದೆ. ಬೈಲಪ್ಪನವರು ಸೊರಗಿಹೋಗಿದ್ದರು, ಕೈಯಲ್ಲಿ ಹೊಸ ಕಪ್ಪು ದಾರ, ಬಾಗಿಲಿಗೆ ಬೂದುಗುಂಬಳ. ಬೀರುವನ್ನು ಮೂಲೆಯಿಂದ ಎಳೆದು ಹಿಂದೆಲ್ಲ ಗುಡಿಸಿ ಹಲ್ಲಿ ಹುಡುಕಿಸಿದ್ದರಂತೆ. "ಸಿಕ್ಲಿಲ್ಲ ಕಣಪ್ಪ. ಸಿಗ್ದೇ ಇದ್ದದ್ದೇ ನಂಗೆ ಇನ್ನೂ ಭಯ," ಎಂದರು.

"ಸಾರ್, ಒಂದೇ ಒಂದ್ಸಲ ನೋಡಿ. ಆಮೇಲೆ ನೀವು ಹೇಳ್ದಂಗೆ," ಎಂದೆ. ನನ್ನ ದನಿ ಅವರಿಗಿಂತ ಸಣ್ಣಗಿತ್ತು. ಅವರು ಬೇಡವೆನ್ನಲು ಬಾಯಿ ತೆರೆದಾಗ ಚಾಪೆಯ ಮೇಲಿಂದ ಕೆಂಪಮ್ಮಜ್ಜಿ, "ಹಾಕ್ಸು ಬೈಲಾ, ಕೇಳಾನ," ಎಂದಳು.

ಬುಸುಬುಸು. ಓಣಿ. ಮುದುಕಿ. "ಇಲ್ಲೇ ಇದಾನೆ." ಕಪ್ಪು. ಬೈಲಪ್ಪನವರು ಕಣ್ಣು ಮುಚ್ಚಿಕೊಂಡಿದ್ದರು. ಒಂದು. ಎರಡು. ಈಶಾನ್ಯದಿಂದ, ದೇವರ ಮನೆಯ ಪಕ್ಕದಿಂದ, ಲೊಚ್ ಲೊಚ್ ಲೊಚ್.

"ಕೃಷ್ಣ ಕೃಷ್ಣ," ಎಂದ ಲೋಕಿ. "ಕೃಷ್ಣ ಕೃಷ್ಣ," ಎಂದು ಬೈಲಪ್ಪನವರು ಕಣ್ಣು ಬಿಟ್ಟು ಕ್ಯಾಲೆಂಡರಿನ ಕಡೆ ಹಾರಿದರು. ಬೆರಳು ಸೋಮವಾರಕ್ಕೆ ಹೋಯಿತು, ಈಶಾನ್ಯಕ್ಕೆ ಜಾರಿತು, ಅವರ ತುಟಿಯ ಮೇಲೆ "ಕಾರ್ಯ" ಎಂಬ ಅಕ್ಷರಗಳು ಮೂಡುತ್ತಿದ್ದವು. ಗೆದ್ದೆ ಎಂದುಕೊಂಡೆ.

"ಬೈಲಾ, ಕುಂತ್ಕೊ," ಎಂದಳು ಅಜ್ಜಿ. "ಅದು ಶುಕ್ರವಾರದ್ ಹಲ್ಲಿನೇ. ಮೂರ್ನೇ ಲೊಚ್ಚು ವಸಿ ಸೋತಂಗೈತೆ, ಆವತ್ತೂ ಹಂಗೇ ಇತ್ತು. ಆ ಮುದ್ಕಿ ಅದೇ ಮಾತಂತಾಳೆ, ಅಷ್ಟೇ ಹೊತ್ತು ಸುಮ್ಕಿರ್ತದೆ, ಆಮೇಲ್ ಇದು ನುಡೀತದೆ. ನಮ್ಮನೆ ಹಲ್ಲಿಗೆ ಇಷ್ಟು ಶಿಸ್ತು ಎಲ್ಲಿಂದ ಬಂತು?"

ಬೈಲಪ್ಪನವರು ಕ್ಯಾಲೆಂಡರ್ ಹಿಡಿದುಕೊಂಡೇ ನಿಂತಿದ್ದರು.

"ಇನ್ನೊಂದೈತೆ," ಎಂದು ಅಜ್ಜಿ ನನ್ನ ಕಡೆಗೆ ಸರಿಯಾಗಿ ಮುಖ ತಿರುಗಿಸಿದಳು. "ಆವತ್ತು ನೀನು ಕೃಷ್ಣ ಅಂದೆ ಬೈಲಾ. ನಾನಂದೆ. ಆ ಪಿಚ್ಚರ್ ಮಾಡೋ ಹುಡುಗ ಅಂದ. ಇವನೊಬ್ನು ಅನ್ನಲಿಲ್ಲ. ಹೆದ್ರಿಕೇಲಿ ಮರ್ತನೇನೋ ಅಂದ್ಕೊಂಡೆ. ಇವತ್ತೂ ಅನ್ನಲಿಲ್ಲ. ಹಲ್ಲಿ ನುಡಿದ್ರೆ ಕೃಷ್ಣ ಅನ್ದೇ ಇರೋನು ಹಲ್ಲಿ ಒಬ್ನೇ ಕಣಪ್ಪ."

ಸದ್ದು ಮಾಡಿ ಸಿಕ್ಕಿಬಿದ್ದ ಕಳ್ಳರಿದ್ದಾರೆ. ಸದ್ದು ಮಾಡದೆ ಸಿಕ್ಕಿಬಿದ್ದವನು ನಾನು. ಎಲ್ಲರ ಕಿವಿಗೂ ಬಲೆ ಹಾಕುವವನ ಪಕ್ಕದಲ್ಲೇ ಒಂದು ಕಿವಿ ಕಾಲು ಚಾಚಿಕೊಂಡು ಕೂತಿತ್ತು, ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಏನ್ಲಾ ಇದು?" ಎಂದರು ಬೈಲಪ್ಪನವರು.

ಕಾಲಿನ ಹೆಬ್ಬೆರಳು ನೋಡುತ್ತಾ ಎಲ್ಲ ಹೇಳಿದೆ. ಲೋಕಿ ಒಪ್ಪದಿದ್ದರೂ ಹಲ್ಲಿ ಸೇರಿಸಿದ್ದು, ನಾಲಿಗೆ, ಸ್ಪೀಕರು, ಇವತ್ತಿನ ಈಶಾನ್ಯ. ಅವರು ನಂಬಲಿಲ್ಲ. "ಮಾಡಿ ತೋರ್ಸು," ಎಂದರು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಹೋಗಿತ್ತು. ನೀರು ತರಿಸಿ ಕುಡಿದು, ಆ ದೊಡ್ಡ ಹಾಲಿನ ನಡುವೆ ನಿಂತು, ಲೊಚ್ ಲೊಚ್ ಲೊಚ್ ಎಂದೆ. ಲೋಕಿಯ ಬೆರಳು ತಾನಾಗಿಯೇ ತೊಡೆಗೆ ಬಡಿಯಿತು; ಆಮೇಲೆ ಆ ಬೆರಳುಗಳು ಮುಷ್ಟಿಯಾದವು.

ಆಮೇಲೆ ಬಂದದ್ದು ನಿಶ್ಶಬ್ದ. ನಾನು ಎಷ್ಟೋ ಟ್ರೈಲರುಗಳಲ್ಲಿ ಎರಡು ಸೆಕೆಂಡು, ಮೂರು ಸೆಕೆಂಡು ಎಂದು ಅಳೆದು ಇಟ್ಟಿದ್ದೇನೆ. ಮೂರಕ್ಕಿಂತ ಜಾಸ್ತಿ ಜನ ತಡೆಯುವುದಿಲ್ಲ ಎಂದು ಲೋಕಿಗೆ ಪಾಠ ಬೇರೆ ಮಾಡಿದ್ದೆ. ಬೈಲಪ್ಪನವರು ಗೋಡೆಯ ಗಡಿಯಾರ ಹತ್ತಾರು ಸಲ ಟಿಕ್ ಎನ್ನುವವರೆಗೆ, ಹೊರಗೆ ಬಸ್ಸೊಂದು ನಿಂತು ಜನ ಇಳಿಸಿ ಹೊರಡುವವರೆಗೆ, ನನ್ನನ್ನೇ ನೋಡಿದರು. ಹೊಲ ಮಾರಿದವರ ಕಣ್ಣು. ನಾನು ಅವರನ್ನು ಹೆದರಿಸಿದ್ದು ಅವರ ಹೆಸರಿನ ಜೊತೆ ಆಡಿ ಎಂದು ಆಗ ಅರಿವಾಯಿತು. ಕ್ಷಮಿಸಿ ಎಂದೆ. ಅದು ಹೊರಗೆ ಕೇಳಿಸಿತೋ ಇಲ್ಲವೋ.

"ಮೂರ್ ದಿನ," ಎಂದರು ಕೊನೆಗೆ. "ಮೂರ್ ದಿನ ಮುದ್ದೆ ಗಂಟ್ಲಲ್ ಇಳೀಲಿಲ್ಲ ಕಣ್ಲಾ." ಕ್ಯಾಲೆಂಡರನ್ನು ಮೊಳೆಗೆ ತಗುಲಿಸಿದರು. ಕುರ್ಚಿಯಲ್ಲಿ ಕೂತು, ಯಾಕೋ ಒಂದು ಸಲ ಜೋರಾಗಿ ಉಸಿರು ಬಿಟ್ಟು, ಲೋಕಿಯ ಕಡೆ ತಿರುಗಿ, "ನಂಗೇ ಇಷ್ಟು ಭಯ ಆಯ್ತಲ್ಲ, ಥೇಟ್ರಲ್ಲಿ ಜನಕ್ಕೆ ಆಗಕಿಲ್ವಾ?" ಎಂದರು.

"ಆಗುತ್ತೆ ಸಾರ್," ಎಂದ ಲೋಕಿ, ನನ್ನ ಕಡೆ ನೋಡದೆ.

"ಹಂಗಾರೆ ಹಲ್ಲಿ ಇರ್ಲಿ. ಪಿಚ್ಚರ್ ಬುಡಾನ. ಆದ್ರೆ ನನ್ ಹೆಸ್ರಿನ್ ಮ್ಯಾಲೆ ಬ್ಯಾಡ."

"ನನ್ ಹೆಸರಿನ ಮೇಲೂ ಬೇಡ ಸಾರ್," ಎಂದ ಲೋಕಿ ತಕ್ಷಣ. "ಹೀರೋದೂ ಬೇಡ, ಅವರಮ್ಮ ಹೊಡೀತಾರೆ."

"ಯಾರು ಲೊಚಗುಟ್ಟಿದ್ನೋ ಅವನ್ ಹೆಸ್ರಿನ್ ಮ್ಯಾಲೇ ಇಡಿ," ಎಂದರು ಬೈಲಪ್ಪನವರು. "ನನ್ ಹೆಸ್ರಿನಷ್ಟೇ ದಪ್ಪಕ್ಕೆ. ಶುಕ್ರವಾರನೇ ಬುಡಿ. ನೈಋತ್ಯದಲ್ಲೇ ಇರ್ಲಿ." ಎಂದು ತೊಡೆ ತಟ್ಟಿ ಎದ್ದರು.

ಹೀಗೆ, ಪರದೆಯ ಮೇಲೆ ಒಂದೇ ಒಂದು ಸಲ ನನ್ನ ಹೆಸರು ಒಂಟಿಯಾಗಿ, ದೊಡ್ಡದಾಗಿ ಬರಬೇಕೆಂದು ಆಸೆಪಟ್ಟಿದ್ದ ನನಗೆ ಆ ಭಾಗ್ಯ ಶಿಕ್ಷೆಯಾಗಿ ಸಿಕ್ಕಿತು. ಶುಕ್ರವಾರ ಟ್ರೈಲರ್ ಬಂತು. ಮನೆಯಲ್ಲೇ ಸುತ್ತ ಸ್ಪೀಕರು ಜೋಡಿಸಿ ಮನೆಯವರ ಜೊತೆ ಕೂತು ನೋಡಿದೆ. ಮುದುಕಿ ಪಿಸುಗುಟ್ಟಿದಳು, ಕಪ್ಪಾಯಿತು, ಎರಡು ಸೆಕೆಂಡು ಕಳೆದು ಧ್ವನಿ ವಿನ್ಯಾಸ ಎಂದು ನನ್ನ ಹೆಸರು ಮೂಡಿತು, ನನ್ನದೇ ನಾಲಿಗೆ ನನ್ನ ಬೆನ್ನ ಹಿಂದೆ ಲೊಚಗುಟ್ಟಿತು. ಸಾವಿರ ಸಲ ಕೇಳಿದ ಸದ್ದು. ಆದರೂ ಈ ಸಲ ನಾನು ಎಲ್ಲರಿಗಿಂತ ಮೊದಲು ನೆಲಕ್ಕೆ ಬೆರಳು ಬಡಿದು "ಕೃಷ್ಣ ಕೃಷ್ಣ" ಎಂದೆ. ಅಮ್ಮ ಮಗನ ಹೆಸರನ್ನು ಓದಲೇ ಇಲ್ಲ, ಸೀದಾ ಕ್ಯಾಲೆಂಡರಿಗೆ ಹೋದಳು. ಲೋಕಿ ಮಾತ್ರ ಟೈಲ್ಸ್ ಅಂಗಡಿಯಿಂದ ಪಾರಾದ ಖುಷಿಯಲ್ಲಿ ಫೋನ್ ಮಾಡಿ, "ಜನ ಸಖತ್ ಹೆದರ್ತಿದಾರೆ ಮಗಾ, ಹಲ್ಲಿ ಐಡಿಯಾ ನಂದೇ ಅಂತ ಹೇಳ್ಬಿಟ್ಟಿದೀನಿ," ಎಂದ.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಸೇಬು ತೆಗೆದುಕೊಂಡು ಬ್ಯಾಡರಹಳ್ಳಿಗೆ ಹೋಗಿ ಕೆಂಪಮ್ಮಜ್ಜಿಯ ಚಾಪೆಯ ಪಕ್ಕ ಕೂತೆ. ಆ ಮನೆಯಲ್ಲಿ ಹಲ್ಲಿಯ ವಿಷಯ ಅವಳಷ್ಟು ಬಲ್ಲವರಿಲ್ಲ. "ಅಜ್ಜಿ, ಅದು ನಾನೇ ಮಾಡಿದ ಸದ್ದಲ್ವಾ, ನನಗೇನೂ ಆಗಲ್ಲ ತಾನೇ?" ಎಂದು ಕೇಳಿದೆ.

ಅಜ್ಜಿ ನನ್ನ ಕಡೆ ಮುಖ ತಿರುಗಿಸಿ ಸುಮ್ಮನಾದಳು. ಒಂದು. ಎರಡು. ನಾನೇ ಹೇಳಿಕೊಟ್ಟಿದ್ದೇನೋ ಎಂಬಂತೆ ಅಳೆದು ಕಾಯಿಸಿದಳು. ನನ್ನ ಭುಜ ಕಿವಿಯವರೆಗೆ ಏರಿತ್ತು.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೋಗಿ ಬಚ್ಚಲಿಗೆ ಬಿತ್ತಂತೆ," ಎಂದಳು. "ಏನೂ ಆಗಕಿಲ್ಲ, ಹೋಗು. ನೀರು ಹುಯ್ಕಳಕೆ ಹೋಗುವಾಗ ಮಾತ್ರ ವಸಿ ನೋಡ್ಕೊಂಡು ಕಾಲಿಡಪ್ಪ."